ಕುಂಕುಮ ಇಟ್ಟ ಆರ್‌ಪಿಎಂ ಮೀಟರು

ಅರಸೀಕೆರೆಯ ವ್ಯಾನ್ ಸ್ಟ್ಯಾಂಡಿನಲ್ಲಿ ಆ ಕಾಲಕ್ಕೆ ಯಾರ ಗಾಡಿಯಲ್ಲೂ ಮೀಟರುಗಳು ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲ. ಸ್ಪೀಡು ತೋರಿಸುವ ಮುಳ್ಳು ಸೊನ್ನೆಯ ಮೇಲೆ ಮಲಗಿರುತ್ತಿತ್ತು. ಡೀಸೆಲ್ ಮುಳ್ಳು ಟ್ಯಾಂಕು ಖಾಲಿಯಿದ್ದರೂ ತುಂಬಿದೆ ಎನ್ನುತ್ತಿತ್ತು. ಯಾರಿಗೂ ಅದರ ಚಿಂತೆ ಇರಲಿಲ್ಲ, ಏಕೆಂದರೆ ಡ್ರೈವರುಗಳೆಲ್ಲ ಕಿವಿಯಿಂದಲೇ ಗಾಡಿ ಓಡಿಸುತ್ತಿದ್ದರು. ಎಂಜಿನ್ನು ಹೇಗೆ ಕೂಗುತ್ತಿದೆ ಎಂದು ಕೇಳಿಸಿಕೊಂಡು ಗೇರು ಬದಲಿಸುತ್ತಿದ್ದರು. ಅವರಲ್ಲೆಲ್ಲ ನನ್ನ ಗಂಡನ ಕಿವಿಗೆ ದೊಡ್ಡ ಹೆಸರು. ಮೂರನೇ ಗೇರಿನಿಂದ ನಾಲ್ಕಕ್ಕೆ ಹೋದದ್ದು ಹಿಂದೆ ಕುಳಿತವರಿಗೆ ಗೊತ್ತೇ ಆಗುತ್ತಿರಲಿಲ್ಲ. ಇದನ್ನು ಹೆಂಡತಿಯ ಮಮತೆಯಿಂದ ಹೇಳುತ್ತಿಲ್ಲ. ಮಮತೆಯಿಂದ ಹೇಳುವುದಾದರೆ ಅವರ ಬೇರೆ ಗುಣಗಳ ಬಗ್ಗೆಯೂ ಒಂದಿಷ್ಟು ಸುಳ್ಳು ಹೇಳಬೇಕಾಗುತ್ತಿತ್ತು.

ನಮ್ಮದು ಹಳೆಯ ಡೀಸೆಲ್ ವ್ಯಾನು, ನನಗಿಂತ ಮುಂಚೆಯೇ ಆ ಮನೆಗೆ ಬಂದದ್ದು. ಬೆಳಿಗ್ಗೆ ಅರಸೀಕೆರೆಯಿಂದ ಜಾವಗಲ್, ಹಳೇಬೀಡು, ಮಾದಿಹಳ್ಳಿ ಕಡೆಯ ಶಾಲೆಗಳಿಗೆ ಹೋಗುವ ಮೇಷ್ಟ್ರುಗಳನ್ನೂ ಟೀಚರುಗಳನ್ನೂ ಕರೆದೊಯ್ದು ಸಂಜೆ ವಾಪಸ್ಸು ತರುವುದು ಅದರ ಕೆಲಸ. ಮುಂದಿನ ಸೀಟು ಹಳೇಬೀಡಿನಲ್ಲಿ ಇಳಿಯುತ್ತಿದ್ದ ಹೆಡ್‌ಮಿಸ್ಸಿಗೆ ಮೀಸಲು. ಬೇರೆ ಯಾರಾದರೂ ಅಲ್ಲಿ ಕುಳಿತರೆ ಅವರ ಒಂದು ನೋಟಕ್ಕೇ ಎದ್ದು ಹಿಂದೆ ಹೋಗುತ್ತಿದ್ದರು.

ಒಂದು ಮಳೆಗಾಲ ನನ್ನ ಗಂಡನಿಗೆ ಕೆಟ್ಟ ಜ್ವರ ಬಂತು. ಜ್ವರ ಬಿಟ್ಟಿತು, ಹೋಗುವಾಗ ಕಿವಿಯನ್ನು ಹಿಡಿದುಕೊಂಡು ಹೋಯಿತು. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ ಉಳಿದಿದೆ ಎಂದರು ಹಾಸನದ ಡಾಕ್ಟರು. ಹಾರನ್ನು ಕೇಳಿಸುತ್ತಿತ್ತು, ಜೋರಾಗಿ ಮಾತಾಡಿದರೆ ಕೇಳಿಸುತ್ತಿತ್ತು. ಎಂಜಿನ್ನಿನ ತಗ್ಗು ದನಿ ಮಾತ್ರ ಅವರ ಪಾಲಿಗೆ ಇಲ್ಲವಾಯಿತು. ಅವರು ಇದನ್ನು ಹೊರಗೆ ಯಾರಿಗೂ ಹೇಳಲಿಲ್ಲ. ಅವರು ಹೇಳದಿದ್ದರೇನು, ವ್ಯಾನು ಊರಿಗೆಲ್ಲ ಸಾರಿತು. ಎರಡನೇ ಗೇರಿನಲ್ಲೇ ಅರಚಿಕೊಂಡು ಮೈಲಿಗಟ್ಟಲೆ ಓಡುತ್ತಿತ್ತು, ಇಲ್ಲವಾದರೆ ನಾಲ್ಕನೇ ಗೇರಿನಲ್ಲಿ ಏರು ಹತ್ತಲಾರದೆ ಗಡಗಡ ನಡುಗುತ್ತಿತ್ತು. ಗಾಡಿಯೇ ಕೆಟ್ಟಿದೆ ಎಂದುಕೊಂಡರು ಎಲ್ಲರೂ.

"ಡ್ರೈವರಣ್ಣಾ, ದಸರಾ ರಜದಲ್ಲಿ ಗಾಡಿ ಸರಿ ಮಾಡಿಸ್ಬಿಡಿ," ಎಂದರಂತೆ ಹೆಡ್‌ಮಿಸ್ಸು. "ರಜ ಮುಗಿದ ಮೇಲೂ ಹಿಂಗೇ ಒದರಿದ್ರೆ ನಾವು ಬೇರೆ ವ್ಯಾನು ನೋಡ್ಕೋತೀವಿ. ಬೇಜಾರು ಮಾಡ್ಕೋಬಾರ್ದು."

"ಕ್ಲಚ್ ಪ್ಲೇಟು ಮೇಡಂ, ಹಾಕಿಸ್ತೀನಿ," ಎಂದು ಸುಳ್ಳು ಹೇಳಿ ಬಂದಿದ್ದರು. ಮನೆಗೆ ಬಂದವರು ಚಪ್ಪಲಿಯನ್ನೂ ಬಿಡದೆ ಜಗಲಿಯ ಮೇಲೆ ಕುಳಿತು, "ವ್ಯಾನು ಮಾರ್ಬುಡಾನ ಕಣೇ," ಎಂದರು. ಹದಿಹರೆಯದಲ್ಲೇ ಸ್ಟೇರಿಂಗು ಹಿಡಿದವರು. ಆ ಸೀಟಿನಿಂದ ಇಳಿದರೆ ಇವರು ಇವರಾಗಿ ಉಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅಳು ಬರಬೇಕಿತ್ತು. ನನಗೆ ಬಂದದ್ದು ಸಿಟ್ಟು.

ನನ್ನ ಅಪ್ಪನದು ಆಟೋ ಎಲೆಕ್ಟ್ರಿಕ್ ಅಂಗಡಿ. ರಂಗೋಲಿ ಕಲಿಯುವ ಮೊದಲೇ ನಾನು ಡೈನಮೋಗೆ ತಂತಿ ಸುತ್ತುವುದನ್ನು ಕಲಿತಿದ್ದೆ. ಮದುವೆಯಾದ ಮೇಲೆ ಆ ವಿದ್ಯೆಯನ್ನು ಯಾರೂ ಕೇಳಲಿಲ್ಲ. ಫ್ಯೂಸು ಹೋದಾಗ ಮಾತ್ರ ಅತ್ತೆ ನನ್ನ ಮುಖ ನೋಡುತ್ತಿದ್ದರು. ಅಪ್ಪ ಅಂಗಡಿ ಮುಚ್ಚಿದಾಗ ನನ್ನ ಪಾಲಿಗೆ ಬಂದ ತಗಡಿನ ಡಬ್ಬದಲ್ಲಿ ಒಂದು ಆರ್‌ಪಿಎಂ ಮೀಟರು ಇತ್ತು. ಎಂಜಿನ್ನು ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ಮುಳ್ಳಿನಿಂದ ತೋರಿಸುವ ದುಂಡನೆಯ ಗಡಿಯಾರದಂಥದ್ದು. ಯಾರೋ ಜೀಪಿನವರು ಅಪ್ಪನಿಂದ ತರಿಸಿ, ಮತ್ತೆ ಅಂಗಡಿ ಕಡೆ ತಲೆ ಹಾಕಿರಲಿಲ್ಲ. ಕಿವಿ ಮಾಡುತ್ತಿದ್ದ ಕೆಲಸವನ್ನು ಕಣ್ಣು ಏಕೆ ಮಾಡಬಾರದು ಎಂದು ನನಗೆ ಹೊಳೆಯಿತು.

"ಮುಳ್ಳು ನೋಡ್ಕೊಂಡು ಓಡ್ಸಕೆ ನಾನೇನು ವಿಮಾನ ಓಡುಸ್ತೀನೇನೇ?" ಎಂದರು ಇವರು.

"ಕಿವಿ ತಾನೇ ಹೋಗಿರೋದು? ಕಣ್ಣು ನೆಟ್ಟಗಿದೆಯಲ್ಲ, ಸುಮ್ನಿರಿ," ಎಂದು ಅವರ ಹಳೆಯ ಅಂಗಿಯನ್ನೇ ಸೀರೆಯ ಮೇಲೆ ತೊಟ್ಟು ರಜೆಯ ಮೊದಲ ದಿನವೇ ವ್ಯಾನಿನ ಬಳಿಗೆ ನಡೆದೆ.

ಅತ್ತೆ ತಲೆ ತಲೆ ಚಚ್ಚಿಕೊಂಡರು. "ಗಾಡಿ ಕೆಳಗೆ ತೂರ್ಕತಾಳಲ್ಲಪ್ಪಾ! ನೋಡ್ದೋರು ಏನಂದಾರು?"

ನೋಡಿದವರು ಏನೂ ಅನ್ನಬಾರದೆಂದೇ ನನ್ನ ಗಂಡ ಕಾಂಪೌಂಡಿನ ಗೇಟು ಮುಚ್ಚಿ ಬಂದರು. ಆಮೇಲೆ ಸ್ಟ್ಯಾಂಡಿನಲ್ಲಿ ಕೇಳಿದವರಿಗೆ "ಬೆಂಗಳೂರಿಂದ ಒಬ್ರು ಬಂದು ಹಾಕ್ಕೊಟ್ರು" ಎಂದಿದ್ದರು. ಆ ಬೆಂಗಳೂರಿನವನ ಮೇಲೆ ನನಗೆ ಇವತ್ತಿಗೂ ಕೋಪವಿದೆ.

ಕೆಲಸ ಸುಲಭದ್ದಾಗಿರಲಿಲ್ಲ. ಆ ಮೀಟರು ಪೆಟ್ರೋಲ್ ಗಾಡಿಗೆಂದು ಮಾಡಿದ್ದು. ಅದರಲ್ಲಿ ಕಿಡಿ ಹಾರಿಸುವ ಕಾಯಿಲ್‌ನಿಂದ ತಂತಿ ಎಳೆದರೆ ಮುಗಿಯಿತು. ಡೀಸೆಲ್ ಗಾಡಿಯಲ್ಲಿ ಆ ಕಾಯಿಲ್ಲೇ ಇಲ್ಲ. ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರನ್ನು ಇಳಿಸಿ, ಬಿಚ್ಚಿ, ಒಳಗಿನ ಸುರುಳಿಯ ತುದಿಗೆ ಒಂದು ತಂತಿ ಬೆಸುಗೆ ಹಾಕಿ ಹೊರಗೆ ತಂದೆ. ಕೆಂಪು ತಂತಿ ಕೀ ಸ್ವಿಚ್ಚಿಗೆ, ಕಪ್ಪು ತಂತಿ ಗಾಡಿಯ ತಗಡಿಗೆ, ಈ ಮೂರನೆಯದು ಆಲ್ಟರ್ನೇಟರಿಗೆ. ಸ್ಟೇರಿಂಗಿನ ಎಡಕ್ಕೆ ಮೀಟರು ಕೂರಿಸಲು ತೂತು ಬಿದ್ದ ಊಟದ ಡಬ್ಬಿಯ ಮುಚ್ಚಳವನ್ನು ಬಗ್ಗಿಸಿ ಕ್ಲಾಂಪು ಮಾಡಿದೆ. ಸ್ಟಾರ್ಟ್ ಮಾಡಿದಾಗ ಮುಳ್ಳು ಮೈಮುರಿದುಕೊಂಡು ಎದ್ದಿತು. ಅಷ್ಟು ವರ್ಷದ ಮೇಲೂ ಅಪ್ಪನ ಕೈ ನನ್ನ ಕೈಯಲ್ಲಿತ್ತು.

ಆದರೆ ಮೀಟರು ತೋರಿಸುವ ಅಂಕಿ ಶುದ್ಧ ಸುಳ್ಳು. ನಿಂತಿರುವ ಗಾಡಿಯ ಎಂಜಿನ್ನು ಕುದುರೆಯಂತೆ ಓಡುತ್ತಿದೆ ಎನ್ನುತ್ತಿತ್ತು. ಇವರು ನಕ್ಕರು. ನಾನು ಯೋಚಿಸಿದೆ. ಸುಳ್ಳಾದರೂ ಪ್ರತಿ ಸಲ ಒಂದೇ ಸುಳ್ಳು. ಹಾಗಿದ್ದ ಮೇಲೆ ಅಂಕಿ ಕಟ್ಟಿಕೊಂಡು ನಮಗೇನು, ಸರಿಯಾದ ಜಾಗಕ್ಕೆ ಗುರುತು ಇದ್ದರೆ ಸಾಕು. ಗುರುತು ಹಾಕಲು ಇವರ ಹಳೆಯ ಕಿವಿ ಬೇಕಿತ್ತು. ಅದು ಇದ್ದದ್ದು ಅತ್ತೆಯ ಬಳಿ. ವಾರಕ್ಕೊಮ್ಮೆ ಮಾದಿಹಳ್ಳಿಯ ತವರಿಗೆ ಮಗನ ಗಾಡಿಯಲ್ಲೇ ಹೋಗಿ ಬರುತ್ತಿದ್ದವರು ಅವರು. ಮಗ ಎಲ್ಲಿ ಗೇರು ಹಾಕುತ್ತಿದ್ದ ಎಂಬುದು ಅವರಿಗೆ ದೇವರ ನಾಮದ ತಾಳದ ಹಾಗೆ ಬಾಯಿಪಾಠ.

ಮಾರನೆಯ ದಿನ ಅತ್ತೆಯನ್ನು ಮುಂದೆ ಕೂರಿಸಿಕೊಂಡು ಜಾವಗಲ್ ರಸ್ತೆಗೆ ಹೊರಟೆವು. ಅವರ ಮಡಿಲಲ್ಲಿ ಅರಿಶಿನ ಕುಂಕುಮದ ಭರಣಿ. ಸದ್ದು ಏರುತ್ತಿದ್ದ ಹಾಗೆ ಕಣ್ಣು ಮುಚ್ಚಿ ಕೇಳುತ್ತ ಕುಳಿತವರು, "ಈಗ ಹಾಕ್ಲಾ ಮಗ, ಈಗ!" ಎಂದು ಮಗನ ಭುಜಕ್ಕೆ ಹೊಡೆದರು. ಮುಳ್ಳು ಇದ್ದ ಜಾಗಕ್ಕೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಗಾಜಿನ ಮೇಲೆ ಬೊಟ್ಟಿಟ್ಟರು. ಗಾಡಿ ನಿಧಾನವಾಗಿ ಎಂಜಿನ್ನು ಸುಸ್ತಾಗುವ ಜಾಗಕ್ಕೆ ಅರಿಶಿನದ ಬೊಟ್ಟು. ಮುಳ್ಳು ಕುಂಕುಮ ಮುಟ್ಟಿದರೆ ಮೇಲಿನ ಗೇರು, ಅರಿಶಿನಕ್ಕೆ ಇಳಿದರೆ ಕೆಳಗಿನ ಗೇರು. ಇಷ್ಟೇ ನಮ್ಮ ಶಾಸ್ತ್ರ.

ರಜೆಯುದ್ದಕ್ಕೂ ಇವರು ಖಾಲಿ ಗಾಡಿ ಓಡಿಸಿ ಅಭ್ಯಾಸ ಮಾಡಿದರು. ಬೇಲೂರಿನವರೆಗೂ ಹೋಗಿ ಬಂದರು. ಒಂದು ಶನಿವಾರ ನೆಂಟರನ್ನು ಮಾಲೇಕಲ್ಲು ಬೆಟ್ಟದ ಬುಡಕ್ಕೆ ಬಿಟ್ಟು ಬಂದರು. ಮೊದಮೊದಲು ಮೀಟರನ್ನೇ ನೋಡುತ್ತ ರಸ್ತೆ ಮರೆಯುತ್ತಿದ್ದರು, ನನ್ನಿಂದ ಬೈಸಿಕೊಳ್ಳುತ್ತಿದ್ದರು. ಬರಬರುತ್ತ ಒಂದು ಓರೆನೋಟ ಸಾಕಾಯಿತು. ಗಾಡಿಯ ಅರಚಾಟ ನಿಂತಿತು. ಊಟಕ್ಕೆ ಕುಳಿತಾಗ ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ಅಷ್ಟರಲ್ಲಿ ಆಯುಧಪೂಜೆ ಬಂತು. ನಾನು ಒಳಗೆ ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದೆ. ಹೊರಗೆ ಅತ್ತೆ ಮಗನ ಗಾಡಿಯನ್ನು ತಾವೇ ತೊಳೆದು ಶೃಂಗಾರ ಮಾಡಿದರು. ಆಮೇಲೆ ಗಾಡಿಗೆ ಟಾರ್ಪಾಲು ಹೊದಿಸಿದರು. ಶಾಲೆ ಶುರುವಾಗುವ ದಿನದವರೆಗೆ ಅದನ್ನು ಯಾರೂ ಮುಟ್ಟಲಿಲ್ಲ. ಆ ದಿನ ಬೆಳಿಗ್ಗೆ ನಮ್ಮ ಕೆಲಸದ ಪರೀಕ್ಷೆಯನ್ನು ಕಣ್ಣಾರೆ ನೋಡಬೇಕೆಂದು ನಾನೂ ಹೊರಟೆ. ಡ್ರೈವರ್ ಸೀಟಿನ ಕಡೆ ಇಣುಕಿ ನೋಡಿದೆ. ಮೀಟರಿನ ಗಾಜಿನ ತುಂಬ ದಪ್ಪನಾಗಿ ಮೂರು ಪಟ್ಟೆ ವಿಭೂತಿ. ನಡುವೆ ಎಂಟಾಣೆಯಷ್ಟಗಲದ ಕುಂಕುಮ. ಮುಳ್ಳೂ ಇಲ್ಲ, ಗುರುತೂ ಇಲ್ಲ.

"ಹಳೇ ಕುಂಕುಮದ ಮೇಲೆ ಹೊಸದು ಇಡ್ತಾರೇನೇ? ಅದಕ್ಕೇ ತೊಳ್ದೆ," ಎಂದರು ಅತ್ತೆ, ತಾವೇ ಇಟ್ಟ ಗುರುತೆಂಬುದನ್ನು ಹಬ್ಬದ ಸಂಭ್ರಮದಲ್ಲಿ ಪೂರ್ತಿ ಮರೆತು. ನಾನು ಸೆರಗು ಹಿಡಿದು ಒರೆಸಲು ಹೋದರೆ ಕೈ ತಡೆದರು. "ಪೂಜೆ ವಿಭೂತಿ ಒರೆಸ್ಬಾರ್ದು ಕಣವ್ವಾ. ಅದಾಗೇ ಉದುರ್ಬೇಕು!"

ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ಗಾಡಿ ಸ್ಟಾರ್ಟ್ ಮಾಡಿಬಿಟ್ಟಿದ್ದರು. "ಹತ್ತೇ, ಟೈಮಾಯ್ತು. ಮೇಷ್ಟ್ರುಗಳು ಕಾಯ್ತಾವ್ರೆ."

ಹಿಂದಿನ ಸೀಟಿನಲ್ಲಿ ಟೀಚರುಗಳ ಮಧ್ಯೆ ಕುಳಿತು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಹೆಡ್‌ಮಿಸ್ಸು ಮುಂದೆ ಕುಳಿತು ಬ್ಯಾಗನ್ನು ಮಡಿಲಿಗೆ ಎಳೆದುಕೊಂಡರು. ಊರು ದಾಟಿತು. ಎರಡನೇ ಗೇರು. ಅತ್ತೆ "ಈಗ" ಎಂದು ಭುಜಕ್ಕೆ ಹೊಡೆದ ಜಾಗ ಬಂತು. ಅದೇ ಕ್ಷಣ ಇವರ ಎಡಗೈ ಸರಿಯಿತು. ಮೂರನೇ ಗೇರು, ಸದ್ದಿಲ್ಲದೆ. ಆಮೇಲೆ ನಾಲ್ಕು. ಮುಂದೆ ತೆಂಗಿನಕಾಯಿ ಲಾರಿಯೊಂದು ಏರಿನಲ್ಲಿ ತೆವಳುತ್ತಿತ್ತು. ಎಂಜಿನ್ನು ಸುಸ್ತಾಗುವ ಮೊದಲೇ ಮತ್ತೆ ಮೂರಕ್ಕೆ ಇಳಿಸಿದರು. ಅವರು ಒಮ್ಮೆಯೂ ಮೀಟರಿನ ಕಡೆ ನೋಡಲಿಲ್ಲ. ಜಾವಗಲ್ ದಾಟುವಾಗ ಹೆಡ್‌ಮಿಸ್ಸಿನ ತಲೆ ಕಿಟಕಿಗೆ ವಾಲಿತ್ತು. ಅವರು ನಿದ್ದೆ ಹೋಗಿದ್ದರು.

ಹಳೇಬೀಡಿನಲ್ಲಿ ಗಾಡಿ ನಿಂತಾಗ ಅವರಿಗೆ ಎಚ್ಚರವಾಯಿತು. ಕನ್ನಡಕ ಸರಿ ಮಾಡಿಕೊಂಡು, "ಕ್ಲಚ್ ಪ್ಲೇಟು ಹಾಕಿಸಿದ್ರಾ? ಗಾಡಿ ಚೆನ್ನಾಗಾಗಿದೆ," ಎಂದರು.

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಇವರು ಎಂಜಿನ್ನು ಆಫ್ ಮಾಡಿದರು.

"ಗಾಡಿ ಸರಿಯಾಗೇ ಇತ್ತು ಮೇಡಂ. ಹೋಗಿದ್ದು ನನ್ನ ಕಿವಿ. ಹಾರನ್ನು ಕೇಳುಸ್ತೈತೆ, ಎಂಜಿನ್ನು ಕೇಳ್ಸಲ್ಲ. ಈ ಮೀಟ್ರು ನೋಡ್ತಾ ನೋಡ್ತಾ ಗೇರಿನ ಮೇಲಿರೋ ಕೈಗೇ ಎಂಜಿನ್ನಿನ ನಡುಕ ಗೊತ್ತಾಗೋಕೆ ಸುರುವಾಯ್ತು." ಹಿಂದಕ್ಕೆ ತಿರುಗಿ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು, "ಬೆಂಗಳೂರಿನೋರು ಯಾರೂ ಬಂದಿರ್ಲಿಲ್ಲ. ಹಾಕಿದ್ದು ನಮ್ಮನೆಯೋರು. ಅಗೋ, ಅಲ್ಲಿ ಕೂತವ್ರಲ್ಲ, ಅವ್ರೇ."

ವ್ಯಾನಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಹೆಡ್‌ಮಿಸ್ಸು ವಿಭೂತಿ ಬಳಿದ ಮೀಟರನ್ನು ನೋಡಿದರು, ಇವರನ್ನು ನೋಡಿದರು, ಕೊನೆಗೆ ನನ್ನನ್ನು.

"ನೀವಾ?"

"ಹೌದು, ನಾನೇ," ಎಂದೆ. ವಿನಯ ತೋರಿಸಬೇಕೆಂದು ಆ ಹೊತ್ತಿಗೆ ನೆನಪಾಗಲಿಲ್ಲ.

ಅವರು ಬ್ಯಾಗು ಹೆಗಲಿಗೇರಿಸಿ ಇಳಿದರು. ಎರಡು ಹೆಜ್ಜೆ ಹೋದವರು ನಿಂತು, ಇವರ ಬಲಗಿವಿಯ ಕಡೆಗೆ ಬಂದು, ತರಗತಿಯಲ್ಲಿ ಹೇಳುವಷ್ಟು ಜೋರಾಗಿ ಹೇಳಿದರು:

"ಸಂಜೆ ನಾಲ್ಕೂವರೆಗೆ ಬಂದ್ಬಿಡಿ ಡ್ರೈವರಣ್ಣಾ. ಲೇಟು ಮಾಡ್ಬೇಡಿ."

ಮಾದಿಹಳ್ಳಿಯಲ್ಲಿ ಉಳಿದವರನ್ನು ಇಳಿಸಿದ ಮೇಲೆ ನಾನು ಮುಂದಿನ ಸೀಟಿಗೆ ಬಂದು ಕುಳಿತೆ. ವಿಭೂತಿ ಒರೆಸಲಿಲ್ಲ.