ಕೂಗುವ ಕೆಲಸ ಅತ್ತೆಯದು

ಬಸ್ ನಿಲ್ದಾಣದಲ್ಲಿ ಅವಳ ಮುಖ ಕಂಡವರು ಕಡಿಮೆ, ದನಿ ಕೇಳದವರು ಯಾರೂ ಇಲ್ಲ. ಟಿಕೆಟ್ ಕೌಂಟರುಗಳ ಹಿಂದಿನ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕುಳಿತು, ಯಾವ ಬಸ್ಸು ಯಾವ ಊರಿಗೆ, ಎಷ್ಟನೇ ಪ್ಲಾಟ್‌ಫಾರಂನಿಂದ ಹೊರಡುತ್ತದೆ ಎಂದು ಹೇಳುವುದು ಅವಳ ಉದ್ಯೋಗ. ಡ್ರೈವರು, ಕಂಡಕ್ಟರು, ಕಸ ಗುಡಿಸುವವರು ಎಲ್ಲರಿಗೂ ಅವಳು ಮೈಕಮ್ಮ. ಮದುವೆಗೆ ಮೊದಲೇ ಅಂಟಿಕೊಂಡ ಹೆಸರು. ಹೆಣ್ಣು ನೋಡಲು ಬಂದ ದಿನ ಗಂಡನೂ ಹಾಗೆಯೇ ಕರೆದು ನಾಲಿಗೆ ಕಚ್ಚಿಕೊಂಡಿದ್ದ.

"ಪ್ರಯಾಣಿಕರ ಗಮನಕ್ಕೆ" ಎಂದು ಅವಳು ಶುರು ಮಾಡಿದರೆ ಆ ದನಿಯಲ್ಲಿ ಏರೂ ಇಲ್ಲ, ಇಳಿತವೂ ಇಲ್ಲ. ಬಸ್ಸು ಸಮಯಕ್ಕೆ ಬಂದರೂ ಅದೇ ದನಿ, ದಾರಿಯಲ್ಲಿ ಕೆಟ್ಟು ನಿಂತರೂ ಅದೇ ದನಿ. ಒಮ್ಮೆ ನಿಲ್ದಾಣದ ಟೈರ್ ಗೋದಾಮಿಗೆ ಬೆಂಕಿ ಬಿದ್ದಾಗ ಅವಳು ಅದನ್ನು ತಿಳಿಸಿದ ರೀತಿಗೆ, ಬೆಂಕಿಯೂ ಯಾವುದೋ ಊರಿಗೆ ಹೊರಟಿರಬೇಕು ಎಂಬಂತೆ ಜನ ಚೀಲ ಎತ್ತಿಕೊಂಡು ಸಾಲಾಗಿ ಹೊರಗೆ ನಡೆದರು. ಒಬ್ಬರಿಗೂ ಗಾಯವಾಗಲಿಲ್ಲ.

ವಾರದಲ್ಲಿ ಆರು ದಿನ ಹೀಗೆ. ಭಾನುವಾರ ಮಧ್ಯಾಹ್ನ ಮಾತ್ರ ಅವಳು ಊರಿನ ಫುಟ್‌ಬಾಲ್ ಮೈದಾನದಲ್ಲಿ, ಗೋಲಿನ ಹಿಂದಿನ ಸಿಮೆಂಟ್ ಮೆಟ್ಟಿಲಿನ ಮೇಲೆ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ವಾರವಿಡೀ ಒಳಗೆ ಕೂಡಿಟ್ಟ ಏರಿಳಿತವೆಲ್ಲ ಅಲ್ಲಿ ಒಂದೇ ಸಲಕ್ಕೆ ಖರ್ಚಾಗುತ್ತಿತ್ತು.

ಕ್ಲಬ್ಬಿನ ಅಂಗಿಯ ಬಣ್ಣ ಕಂದು. ಕೆಸರು ಕಾಣಬಾರದೆಂದು ಹಿಂದಿನವರು ಆರಿಸಿದ್ದರಂತೆ. ಅವಳಿಗೆ ಈ ಹುಚ್ಚು ಹಿಡಿಸಿದ್ದು ಅತ್ತೆ. ಮಾವ ಗಿರಣಿಯ ಕೆಲಸಗಾರ, ಕ್ಲಬ್ಬಿನ ಎರಡನೇ ತಂಡದ ಗೋಲ್‌ಕೀಪರ್. ಅವರ ಗ್ಲೌಸು ಒಗೆದು ಒಗೆದು ಅತ್ತೆಗೆ ಆಟ ಕೈಯಿಂದ ತಲೆಗೆ ಹತ್ತಿತ್ತು. ಮಾವ ಹೋದ ಮೇಲೂ ಅತ್ತೆ ಒಂದು ಪಂದ್ಯ ತಪ್ಪಿಸಲಿಲ್ಲ. ಈಗ ಕಣ್ಣಿಗೆ ಪೊರೆ ಬಂದಿತ್ತು. ಮಗ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವನು. ತಾಯಿಗೆ ಬಗೆಬಗೆಯ ಕನ್ನಡಕ ತಂದುಕೊಟ್ಟ. ಯಾವುದರಲ್ಲೂ ಚೆಂಡು ಕಾಣಲಿಲ್ಲ. ಹಸಿರು ಕಾಣುತ್ತಿತ್ತು, ಅದರ ಮೇಲೆ ಕಂದು ಬಣ್ಣ ಓಡಾಡುವುದು ಕಾಣುತ್ತಿತ್ತು. "ಅಷ್ಟು ಸಾಕು ಬಿಡು. ಚೆಂಡು ನಮ್ಮವರಿಗೂ ಸರಿಯಾಗಿ ಕಾಣಲ್ಲ" ಎನ್ನುತ್ತಿದ್ದರು ಅತ್ತೆ.

ಆ ವರ್ಷದ ಮೊದಲ ಪಂದ್ಯ. ಎರಡು ಗೋಲು ಹಿಂದಿದ್ದ ಕ್ಲಬ್ಬು ಮೂರು ಗೋಲು ಹೊಡೆದು ಗೆದ್ದಿತು. ಸೋಮವಾರ ಬೆಳಿಗ್ಗೆ ಮೈಕಮ್ಮ ಬಾಯಿ ತೆರೆದರೆ ಹೊರಗೆ ಬಂದದ್ದು ಮರಳು ಕಾಗದ ಉಜ್ಜಿದ ಸದ್ದು. "ಮೂರನೇ ಪ್ಲಾಟ್‌ಫಾರಂ" ಎಂದು ಅವಳು ಹೇಳಿದ್ದು ನಿಲ್ದಾಣಕ್ಕೆಲ್ಲ "ಆರನೇ ಪ್ಲಾಟ್‌ಫಾರಂ" ಎಂದು ಕೇಳಿಸಿತು. ಬಂದರಿನ ಊರಿಗೆ ಹೋಗಬೇಕಾದವರು ಗಣಿಯ ಊರಿನ ಬಸ್ಸು ಹತ್ತಿದರು. ಅವರಲ್ಲೊಬ್ಬ ಕುಕ್ಕರ್ ಮಾರುವವನು ಮರುದಿನ ಬಂದು ಮ್ಯಾನೇಜರ್ ಮೇಜು ಗುದ್ದಿ ಗಲಾಟೆ ಮಾಡಿದ. ಗಣಿಯ ಊರಿನಲ್ಲಿ ಕುಕ್ಕರುಗಳು ಚೆನ್ನಾಗಿಯೇ ಖರ್ಚಾದವು ಎಂಬುದನ್ನೂ ಒಪ್ಪಿಕೊಂಡ. ಆದರೂ ದೂರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮ್ಯಾನೇಜರ್ ಅವಳನ್ನು ಕರೆದು ಮೂಲೆಯಲ್ಲಿದ್ದ ಒಂದು ಪೆಟ್ಟಿಗೆ ತೋರಿಸಿದರು. ಅದಕ್ಕೆ ಹೊದಿಸಿದ ಪ್ಲಾಸ್ಟಿಕ್ಕನ್ನು ಇನ್ನೂ ಬಿಚ್ಚಿರಲಿಲ್ಲ.

"ಇದೇನು ಗೊತ್ತೇನಮ್ಮಾ? ರೆಕಾರ್ಡಿಂಗ್ ಮಷೀನು. ಎಲ್ಲ ಊರಿನ ಹೆಸರೂ ಒಳಗಿದೆ. ಸ್ವಿಚ್ ಒತ್ತಿದ್ರೆ ತಾನೇ ಮಾತಾಡುತ್ತೆ."

"ಗೊತ್ತು ಸರ್."

"ಮೇಲಿನವರು ಯಾಕಿನ್ನೂ ಹಾಕಿಲ್ಲ ಅಂತ ತಿಂಗಳಿಗೊಂದ್ಸಲ ಕೇಳ್ತಾರೆ. ನಮ್ಮ ಮೈಕಮ್ಮ ಇದಕ್ಕಿಂತ ಚೆನ್ನಾಗಿ ಹೇಳ್ತಾರೆ ಅಂತ ನಾನು ತಳ್ಕೊಂಡು ಬಂದಿದೀನಿ. ಇನ್ನೊಂದು ಸೋಮವಾರ ನಿಮ್ಮ ಗಂಟಲು ಹೀಗಾದ್ರೆ ನಾನು ಸ್ವಿಚ್ ಒತ್ತೋನೇ. ನಿಮ್ಮನ್ನ ಲಗೇಜ್ ಕೋಣೆಗೆ ಹಾಕ್ತಾರೆ. ಆಮೇಲೆ ನನ್ನನ್ನ ಬೈಕೋಬೇಡಿ."

"ಇಲ್ಲ ಸರ್" ಎಂದಳು ಮೈಕಮ್ಮ. ಯಾವುದಕ್ಕೆ ಇಲ್ಲ ಎಂದಳೋ ಇಬ್ಬರಿಗೂ ಸ್ಪಷ್ಟವಾಗಲಿಲ್ಲ.

ಮನೆಯಲ್ಲಿ ಅವಳು ಈ ವಿಷಯ ಬಾಯಿ ಬಿಡಲಿಲ್ಲ. ಮುಂದಿನ ಭಾನುವಾರ ಬಾಯಿಗೆ ಲವಂಗ ಹಾಕಿಕೊಂಡು ಮೈದಾನಕ್ಕೆ ಹೋದಳು. ಲವಂಗವಿದ್ದರೆ ಬಾಯಿ ಮುಚ್ಚಿರಬೇಕಾಗುತ್ತದೆ ಎಂಬುದು ಅವಳ ಲೆಕ್ಕ. ಆ ದಿನ ಕ್ಲಬ್ಬು ಸೋತಿತು. ಗಂಟಲಿಗೆ ಏನೂ ಆಗಲಿಲ್ಲ. ಅದರ ಮುಂದಿನ ಪಂದ್ಯ ಗೋಲೇ ಇಲ್ಲದೆ ಡ್ರಾ ಆಯಿತು. ಮೈದಾನವೆಲ್ಲ ಆಕಳಿಸುತ್ತಾ ಮನೆಗೆ ಹೋಯಿತು. ಮೈಕಮ್ಮನ ಹೊಟ್ಟೆ ತಣ್ಣಗಿತ್ತು. ಮನೆಗೆ ಹೋಗುವ ಬಸ್ಸಿನಲ್ಲಿ ಕುಳಿತಾಗ ಅವಳಿಗೆ ಆ ತಂಪಿನ ಅರ್ಥ ಹೊಳೆಯಿತು. ತನ್ನ ಕ್ಲಬ್ಬು ಗೋಲು ಹೊಡೆಯದಿರಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಗಂಡನಿಗೆ ಮೋಸ ಮಾಡಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

ಕ್ಲಬ್ಬಿಗೆ ಇದೆಲ್ಲ ಗೊತ್ತಿರಲಿಲ್ಲ. ಅದು ಗೆಲ್ಲತೊಡಗಿತು. ಒಂದರ ಮೇಲೊಂದು ನಾಲ್ಕು ಪಂದ್ಯ ಗೆದ್ದು, ಲೀಗಿನ ಪಟ್ಟಿಯಲ್ಲಿ ಯಾವತ್ತೂ ಕಾಣದ ಎತ್ತರ ಹತ್ತಿತು. ಊರಿನಲ್ಲಿ ಅಪರಿಚಿತರೂ ಒಬ್ಬರಿಗೊಬ್ಬರು ನಕ್ಕು ಮಾತಾಡಿಸಿದರು. ಮೈಕಮ್ಮನಿಗೆ ಲವಂಗ ಸಾಲದೆ ಕರ್ಚೀಫು ಬಾಯಿಗೆ ತುರುಕಿಕೊಳ್ಳುವ ಪರಿಸ್ಥಿತಿ ಬಂತು. ಪ್ರತಿ ಗೋಲಿಗೂ ಸುತ್ತಲಿನವರು ಕುಣಿಯುವಾಗ ಅವಳು ಕರ್ಚೀಫು ಕಚ್ಚಿ, ಕಣ್ಣು ಮುಚ್ಚಿ, ಕಂಬ ಹಿಡಿದು ನಿಲ್ಲುತ್ತಿದ್ದಳು.

ಕಡಲೆಕಾಯಿ ಮಾರುವವನು ಅವಳನ್ನು ನೋಡಿ ಮರುಗಿದ. "ಹಲ್ಲು ನೋವಾ ಅಕ್ಕಾ? ಕೀಳಿಸಿಬಿಡಿ. ಗೆಲ್ಲೋ ವರ್ಷ ಹಲ್ಲು ಇಟ್ಕೊಂಡು ಏನು ಮಾಡ್ತೀರಾ?"

ಅತ್ತೆಗೆ ಕಣ್ಣು ಮಂಜಾಗಿತ್ತೇ ಹೊರತು ಕಿವಿ ಚುರುಕಾಗಿತ್ತು. ತಮ್ಮ ಪಕ್ಕದಿಂದ ಬರಬೇಕಾದ ಸದ್ದು ಬರುತ್ತಿಲ್ಲವೆಂದು ಅವರು ಮೊದಲ ದಿನವೇ ಗುರುತು ಹಾಕಿಕೊಂಡಿದ್ದರು. ನಾಲ್ಕನೇ ಗೆಲುವಿನ ಸಂಜೆ ಅಡುಗೆಮನೆಗೆ ಬಂದು ಬಾಗಿಲಿಗೆ ಅಡ್ಡ ನಿಂತರು.

"ನಿಜ ಹೇಳು. ಬೇರೆ ಕ್ಲಬ್ ಹಿಡಿದಿದೀಯಾ?"

"ಏನು ಮಾತೂಂತ ಆಡ್ತೀರಾ ಅತ್ತೆ!"

"ಮತ್ತೆ? ನಮ್ಮವರು ಗೋಲ್ ಹೊಡೆದಾಗ ನನ್ನ ಪಕ್ಕದಲ್ಲಿ ಸತ್ತ ಮನೆ ಇದ್ದಂಗಿರುತ್ತೆ. ನನ್ನ ಮಗನ್ನ ಬಿಟ್ಟು ಹೋಗ್ತೀನಿ ಅನ್ನು, ಕೂತು ಮಾತಾಡೋಣ. ಕಂದು ಅಂಗಿ ಬಿಟ್ಟೆ ಅಂತ ಮಾತ್ರ ಹೇಳಬೇಡ."

ಆ ಮಗ ಪಕ್ಕದ ಕೋಣೆಯಲ್ಲಿ ಟಿವಿ ನೋಡುತ್ತಿದ್ದ. ಕ್ರೀಡೆಯೆಂದರೆ ಅವನಿಗೆ ಸುದ್ದಿ ಮುಗಿದ ಮೇಲೆ, ಹವಾಮಾನಕ್ಕೆ ಮೊದಲು ಬರುವ ಒಂದು ಅಡಚಣೆ. ತನ್ನ ಮಾತು ಬಂದದ್ದಕ್ಕೆ ಒಮ್ಮೆ ತಿರುಗಿ ನೋಡಿ, ಮತ್ತೆ ಹವಾಮಾನಕ್ಕೆ ಕಾದ.

ಮೈಕಮ್ಮ ಒಲೆ ಆರಿಸಿ ಎಲ್ಲವನ್ನೂ ಹೇಳಿದಳು. ಕುಕ್ಕರಿನವನು, ಪೆಟ್ಟಿಗೆ, ಸ್ವಿಚ್ಚು, ಲಗೇಜ್ ಕೋಣೆ, ಲವಂಗ. ಡ್ರಾ ಆಗಲಿ ಎಂದು ಬೇಡಿಕೊಂಡದ್ದನ್ನೂ ಮುಚ್ಚಿಡಲಿಲ್ಲ. ಅತ್ತೆ ನಡುವೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿದರು. ಅವರಿಗೆ ಅದು ಅಭ್ಯಾಸವಿರಲಿಲ್ಲ.

"ಆ ಮೈಕು ನಿಂಗೆ ಅಷ್ಟು ಬೇಕಾ?"

"ಬೇಕು ಅತ್ತೆ. ಇಷ್ಟು ದೊಡ್ಡ ನಿಲ್ದಾಣ ನನ್ನ ಮಾತು ಕೇಳುತ್ತೆ. ಮನೇಲಿ ಯಾರು ಕೇಳ್ತಾರೆ?"

ಅತ್ತೆ ಇದನ್ನು ನ್ಯಾಯವಾಗಿ ತೂಗಿ ನೋಡಿದರು. "ಸರಿ. ನಿಂಗೆ ಕಣ್ಣಿದೆ, ಕೂಗೋ ಹಾಗಿಲ್ಲ. ನಂಗೆ ಕಣ್ಣಿಲ್ಲ, ಕೂಗೋಕೆ ಯಾರ ಅಪ್ಪಣೆನೂ ಬೇಡ. ನೀನು ನೋಡು, ನಾನು ಕೂಗ್ತೀನಿ. ಕೈ ಹಿಡ್ಕೊಂಡು ಹೇಳು, ಸಾಕು."

ಅಲ್ಲಿಯೇ ಕೈಭಾಷೆ ತಯಾರಾಯಿತು. ನಮ್ಮ ಗೋಲಿಗೆ ಅಂಗೈ ಒತ್ತಬೇಕು. ಅವರ ಗೋಲಿಗೆ ಕಿರುಬೆರಳು ಎಳೆಯಬೇಕು. ರೆಫರಿ ಅನ್ಯಾಯ ಮಾಡಿದರೆ ಮಣಿಕಟ್ಟು ಚಿವುಟಬೇಕು.

"ರೆಫರಿದು ಮಾತ್ರ ಮರೀಬೇಡ. ಸುಮ್ನೆ ಅನುಮಾನ ಬಂದ್ರೂ ಚಿವುಟು" ಎಂದರು ಅತ್ತೆ.

ಕೆಲಸ ಹಂಚಿಕೆಯಾದ ವಾರದಿಂದಲೇ ಕ್ಲಬ್ಬು ಸೋಲತೊಡಗಿತು. ಮುಂದಿನ ಸಾಲಿನ ಗಿಡ್ಡನೆಯ ಆಟಗಾರ ಮಂಡಿ ಉಳುಕಿಸಿಕೊಂಡ. ಗೋಲ್‌ಕೀಪರಿಗೆ ಆತ್ಮವಿಶ್ವಾಸ ಹೆಚ್ಚಾಗಿ ಗೋಲು ಬಿಟ್ಟು ಓಡಾಡುವ ಚಟ ಹತ್ತಿತು. ಅಂಗೈಗೆ ಕೆಲಸವಿಲ್ಲ, ಕಿರುಬೆರಳು ಸವೆಯಿತು. ಒಂದು ಸಲ ಗಡಿಬಿಡಿಯಲ್ಲಿ ಮೈಕಮ್ಮ ಬೆರಳಿನ ಬದಲು ಅಂಗೈ ಒತ್ತಿದಳು. ಎದುರಾಳಿಗಳ ಗೋಲಿಗೆ ಅತ್ತೆ ಎರಡೂ ಕೈ ಎತ್ತಿ ಜೈಕಾರ ಹಾಕಿದರು. ಸುತ್ತಲಿನ ಮೆಟ್ಟಿಲುಗಳೆಲ್ಲ ತಿರುಗಿ ನೋಡಿದವು. "ಮುದುಕಿಗೆ ಕಣ್ಣು ಕಾಣಲ್ಲ ಬಿಡ್ರಪ್ಪಾ" ಎಂದು ಕಡಲೆಕಾಯಿಯವನು ಸಮಾಧಾನ ಮಾಡಬೇಕಾಯಿತು. ತಮ್ಮನ್ನು ಮುದುಕಿ ಎಂದದ್ದಕ್ಕೆ ಅತ್ತೆ ಕಡಲೆಕಾಯಿಯವನನ್ನು ಬೈದರು, ಸೊಸೆಯನ್ನು ಉಳಿದದ್ದಕ್ಕೆಲ್ಲ ಬೈದರು.

ಹೀಗೆ ಹತ್ತಿದ ಮೆಟ್ಟಿಲನ್ನೆಲ್ಲ ಇಳಿದು ಕ್ಲಬ್ಬು ಕೊನೆಯ ಭಾನುವಾರಕ್ಕೆ ಬಂದು ನಿಂತಿತು. ಸೋತರೆ ಕೆಳಗಿನ ಲೀಗಿಗೆ ಬೀಳಬೇಕು. ಡ್ರಾ ಆದರೆ ಉಳಿಯಬಹುದು. ಹಿಂದೊಮ್ಮೆ ಗುಟ್ಟಾಗಿ ಡ್ರಾ ಬೇಡಿದ್ದ ಮೈಕಮ್ಮನಿಗೆ ಆ ದಿನ ಊರೆಲ್ಲ ಅದನ್ನೇ ಬೇಡುವುದು ಕೇಳಿ ಒಂದು ಬಗೆಯ ಸಮಾಧಾನವಾಯಿತು.

ಎದುರಾಳಿಗಳು ಬೇಗನೆ ಒಂದು ಗೋಲು ಹೊಡೆದರು. ಕಿರುಬೆರಳು. ಆಮೇಲೆ ಬಹಳ ಹೊತ್ತು ಬರೀ ಮಣಿಕಟ್ಟು. ರೆಫರಿ ತಪ್ಪು ಮಾಡಿದಾಗಲೂ ಚಿವುಟಿದಳು, ಮಾಡದಿದ್ದಾಗಲೂ ಚಿವುಟಿದಳು. ಅವಳಿಗೆ ಇನ್ನೇನು ಮಾಡಲೂ ದಾರಿಯಿರಲಿಲ್ಲ. ಅತ್ತೆ ಒಂದನ್ನೂ ವ್ಯರ್ಥ ಮಾಡದೆ ರೆಫರಿಯನ್ನೂ, ಅವನ ಸೀಟಿಯನ್ನೂ, ಅವನಿಗೆ ಆ ಸೀಟಿ ಮಾರಿದವನನ್ನೂ ಸೇರಿಸಿ ಬೈದರು.

ಆಟ ಮುಗಿಯುತ್ತಾ ಬಂದಾಗ ಕ್ಲಬ್ಬಿಗೆ ಒಂದು ಕಾರ್ನರ್ ಸಿಕ್ಕಿತು. ಸಿಕ್ಕಿದ್ದು ಮೈದಾನದ ಆಚೆಯ ತುದಿಯಲ್ಲಿ. ಚೆಂಡು ಗಾಳಿಯಲ್ಲಿ ಬಂತು. ಏಣಿ ಎಂದು ಜನ ಕರೆಯುತ್ತಿದ್ದ ಉದ್ದನೆಯ ಡಿಫೆಂಡರ್ ಅದು ಎಲ್ಲಿದೆ ಎಂದು ತಿರುಗಿ ಹುಡುಕುತ್ತಿದ್ದ. ಚೆಂಡು ಅವನ ಬೆನ್ನಿಗೆ ಬಡಿದು ಬಲೆಯೊಳಗೆ ಹೋಯಿತು. ಕೂಗು ಎದ್ದಿತು. ಅಷ್ಟರಲ್ಲಿ ಗೋಲು ಸಲ್ಲದೆಂಬಂತೆ ಗೆರೆಯ ಬಳಿ ನಿಂತಿದ್ದ ಸಹಾಯಕನ ಬಾವುಟ ಮೇಲೆ ಹೋಯಿತು. ಕೂಗು ಅರ್ಧಕ್ಕೆ ನಿಂತಿತು. ರೆಫರಿ ಬಾವುಟದವನ ಹತ್ತಿರ ನಡೆದುಹೋಗಿ ಕಿವಿಯಲ್ಲಿ ಏನೋ ಕೇಳಿದ.

"ಏನಾಯ್ತು? ಕೊಟ್ನಾ?"

"ಕಾಣ್ತಿಲ್ಲ ಕಣೋ! ಆಫ್‌ಸೈಡ್ ಅಂತೆ?"

"ಯಾರಾದ್ರೂ ಹೇಳ್ರೋ!"

ಧೂಳಿನಲ್ಲಿ ಬರುವ ಬಸ್ಸಿನ ಬೋರ್ಡನ್ನು ಗೇಟಿನಾಚೆಯೇ ಓದುವ ಕಣ್ಣು ಮೈಕಮ್ಮನದು. ರೆಫರಿಯ ಕೈ ಮೈದಾನದ ನಡುವಿನತ್ತ ತಿರುಗಿದ್ದು ಅವಳಿಗೆ ಕಂಡಿತು. ಅದು ಗೋಲು ಕೊಟ್ಟ ಗುರುತು. ಅವಳು ಅತ್ತೆಯ ಅಂಗೈಯನ್ನು ಬಲವಾಗಿ ಒತ್ತಿದಳು.

ಅತ್ತೆ ಬಾಯಿ ತೆರೆದರು. ಗಾಳಿ ಬಂತು. ಮತ್ತೊಮ್ಮೆ ತೆರೆದರು. ಗಾಳಿಯೂ ಸರಿಯಾಗಿ ಬರಲಿಲ್ಲ. ಇದ್ದ ದನಿಯೆಲ್ಲ ರೆಫರಿಗೆ ಮುಗಿದುಹೋಗಿತ್ತು. ಅವರು ಸೊಸೆಯ ಕಡೆ ಮುಖ ತಿರುಗಿಸಿ, ಆ ಮಂಜುಗಣ್ಣಿನಲ್ಲೇ, ಏನಾದರೂ ಮಾಡೇ ಎಂಬಂತೆ ನೋಡಿದರು.

ಮೈಕಮ್ಮ ಅಂದೂ ಬಾಯಿಗೆ ತುರುಕಿಕೊಂಡಿದ್ದ ಕರ್ಚೀಫು ತೆಗೆದಳು. ವರ್ಷವಿಡೀ ನುಂಗಿದ ಕೂಗು ಎದೆಯಿಂದ ಹೊರಟದ್ದು ಅವಳಿಗೇ ಗೊತ್ತಾಯಿತು. ನಾಳೆ ಸೋಮವಾರ ಎಂಬುದೂ ಗೊತ್ತಿತ್ತು. ಹಾಳಾಗಿ ಹೋಗಲಿ ಲಗೇಜ್ ಕೋಣೆ ಎಂದುಕೊಂಡು ಅವಳು ಬಾಯಿ ತೆರೆದಳು.

"ಪ್ರಯಾಣಿಕರ ಗಮನಕ್ಕೆ."

ಅವಳು ಬೇರೇನೋ ಹೇಳಹೊರಟಿದ್ದಳು. ಆದರೆ ಬಂದದ್ದು ಇದು. ಮೈಕಿಲ್ಲದೆಯೂ ಆ ದನಿ ಮೆಟ್ಟಿಲಿನ ಕೊನೆಯವರೆಗೆ ಹೋಯಿತು. ಹತ್ತಾರು ವರ್ಷ ಆ ದನಿ ಹೇಳಿದ ಕಡೆಗೆ ನಡೆದ ಜನ ತಟ್ಟನೆ ಸುಮ್ಮನಾದರು. ಒಬ್ಬಿಬ್ಬರು ಕಾಲ ಬಳಿ ಚೀಲ ಹುಡುಕಿದರು. ಶುರು ಮಾಡಿದ ಮೇಲೆ ನಡುವೆ ನಿಲ್ಲಿಸಿ ಅವಳಿಗೆ ಅಭ್ಯಾಸವಿರಲಿಲ್ಲ.

"ಗೋಲು ಮಾನ್ಯವಾಗಿದೆ. ಒಂದು ಒಂದು. ಪಂದ್ಯ ಇನ್ನೂ ಮುಗಿದಿಲ್ಲ, ಯಾರೂ ಸ್ಥಳ ಬಿಟ್ಟು ಹೊರಡಬಾರದಾಗಿ ವಿನಂತಿ."

ಆಮೇಲೆ ಮೆಟ್ಟಿಲುಗಳು ಹುಚ್ಚೆದ್ದು ಕುಣಿದವು. ಯಾರೋ ಅತ್ತೆಯನ್ನು ಎತ್ತಿ ಹಿಡಿದರು. ಕಡಲೆಕಾಯಿಯವನು ಬುಟ್ಟಿಯನ್ನೇ ಗಾಳಿಗೆ ತೂರಿ, ಆಮೇಲೆ ಬಗ್ಗಿ ಹೆಕ್ಕತೊಡಗಿದ. ಮೈಕಮ್ಮನ ಕಣ್ಣು ಒದ್ದೆಯಾಗಿತ್ತು. ದನಿ ಒಣಗಿಯೇ ಇತ್ತು. ಉಳಿದ ಹೊತ್ತು ಎರಡೂ ತಂಡಗಳು ಚೆಂಡನ್ನು ಅತ್ತಿತ್ತ ಒದ್ದು ಮುಗಿಸಿದವು. ಕ್ಲಬ್ಬು ಲೀಗಿನಲ್ಲಿ ಉಳಿಯಿತು, ಬೀಳುವ ಗೆರೆಗಿಂತ ಒಂದೇ ಮೆಟ್ಟಿಲು ಮೇಲೆ.

ಸೋಮವಾರ ಬೆಳಿಗ್ಗೆ ಮನೆಯಲ್ಲಿ ಮಾತಿಲ್ಲ. ಅತ್ತೆ ಸನ್ನೆಯಲ್ಲೇ ಕಾಫಿಗೆ ಸಕ್ಕರೆ ಕಡಿಮೆಯಾಯಿತು ಎಂದರು. ಗಂಡ ಈ ಮೌನಕ್ಕೆ ಹೆದರಿ, ಟಿವಿ ಕೆಟ್ಟಿದೆಯೆಂದು ಅದರ ಬೆನ್ನು ತಟ್ಟಿದ.

ನಿಲ್ದಾಣದಲ್ಲಿ ಮ್ಯಾನೇಜರ್ ಪೆಟ್ಟಿಗೆಯ ಪಕ್ಕದಲ್ಲೇ ನಿಂತು ಕಾಯುತ್ತಿದ್ದರು. ಅದರ ಪ್ಲಾಸ್ಟಿಕ್ ಬಿಚ್ಚಿ ಮಡಿಸಿಟ್ಟಿದ್ದರು.

"ಗಂಟಲು?"

"ಸರಿ ಇದೆ ಸರ್."

"ನಿನ್ನೆ ಕಡೇ ಪಂದ್ಯ ಅಂತೆ. ಉಳ್ಕೊಂಡ್ರಂತೆ."

"ಉಳ್ಕೊಂಡ್ರು ಸರ್."

"ಆದ್ರೂ ಗಂಟಲು ಸರಿ ಇದೆ" ಎಂದರು ಮ್ಯಾನೇಜರ್, ನಂಬಿಕೆ ಬಾರದೆ.

ಅವಳು ಕುಳಿತು ಮೈಕಿನ ಗುಂಡಿ ಒತ್ತಿದಳು. "ಪ್ರಯಾಣಿಕರ ಗಮನಕ್ಕೆ."

ಮೂರನೇ ಪ್ಲಾಟ್‌ಫಾರಂನಿಂದ ಒಂದು ದನಿ ಎದ್ದಿತು: "ಗೋಲು ಮಾನ್ಯವಾಗಿದೆ!" ಅದರ ಹಿಂದೆಯೇ ಇಡೀ ನಿಲ್ದಾಣ ಹೋ ಎಂದಿತು. ಡ್ರೈವರುಗಳು ಹಾರ್ನ್ ಒತ್ತಿದರು. ಮ್ಯಾನೇಜರ್ ಓಡಿ ಬಂದು ಗಾಜಿನ ಕಿಟಕಿಯಲ್ಲಿ ಹೊರಗೆ ನೋಡಿದರು.

"ಏನ್ರೀ ಇದು? ಏನು ಹೇಳಿದ್ರಿ ಅವರಿಗೆ?"

"ಇನ್ನೂ ಏನೂ ಹೇಳಿಲ್ಲ ಸರ್."

ಮ್ಯಾನೇಜರ್ ಹೊರಗಿನ ಜನರನ್ನೊಮ್ಮೆ, ಪೆಟ್ಟಿಗೆಯನ್ನೊಮ್ಮೆ ನೋಡಿದರು. ಈ ಜನಕ್ಕೆ ಈಗ ಸ್ವಿಚ್ ಒತ್ತಿದರೆ ಏನಾಗಬಹುದೆಂದು ಯೋಚಿಸಿರಬೇಕು. "ಮುಂದಿನ ಸೀಸನ್ ಯಾವಾಗ ಶುರು?" ಎಂದು ಕೇಳಿದರು.

"ಇನ್ನೂ ಮೂರು ತಿಂಗಳಿದೆ ಸರ್."

ಅವರು ಉಸಿರು ಬಿಟ್ಟು, ಪ್ಲಾಸ್ಟಿಕ್ಕನ್ನು ಮತ್ತೆ ಹೊದಿಸಿ, ಅದರ ಮೇಲೆ ತಮ್ಮ ಊಟದ ಡಬ್ಬಿ ಇಟ್ಟರು. ಮೈಕಮ್ಮ ಗಲಾಟೆ ತಣ್ಣಗಾಗುವವರೆಗೆ ಕಾದು, ಬಂದರಿನ ಊರಿನ ಬಸ್ಸು ಮೂರನೇ ಪ್ಲಾಟ್‌ಫಾರಂನಿಂದ ಹೊರಡುತ್ತದೆ ಎಂದು ತಿಳಿಸಿದಳು. ಎಲ್ಲರಿಗೂ ಮೂರೆಂದೇ ಕೇಳಿಸಿತು. ಬಸ್ಸು ಮಾತ್ರ ಇನ್ನೂ ಬಂದಿರಲಿಲ್ಲ.