ಕಾಗದದ ಮೇಲಿನ ಕರಿ ಕುದುರೆ

ನನ್ನ ಕುದುರೆ ಎಂಟು ವರ್ಷದಲ್ಲಿ ಕಪ್ಪಿನಿಂದ ಬೆಳ್ಳಗಾಯಿತು. ಇದರಲ್ಲಿ ಮಾಟ ಮಂತ್ರ ಏನೂ ಇಲ್ಲ. ಕೆಲವು ಕುದುರೆಗಳು ಹುಟ್ಟುವಾಗ ಇದ್ದಲಿನ ಹಾಗಿದ್ದು, ವರ್ಷ ವರ್ಷ ಬೂದಿ ಬಣ್ಣಕ್ಕೆ ತಿರುಗಿ, ಕಡೆಗೆ ಹಾಲಿನ ಹಾಗಾಗುತ್ತವೆ. ಟಾಂಗಾ ಹೊಡೆಯುವವರಿಗೆಲ್ಲ ಗೊತ್ತಿರುವ ಮಾತು. ಗೊತ್ತಿಲ್ಲದ್ದು ಕಾಗದಕ್ಕೆ. ಮುದ್ದೇಬಿಹಾಳದ ಸಂತೆಯಲ್ಲಿ ಕೊಂಡಾಗ ಬರೆಸಿದ ದಾಖಲೆಯಲ್ಲಿ ಅದು ಕರಿ ಕುದುರೆಯಾಗೇ ಉಳಿದಿತ್ತು.

ಇಂಡಿ ಸ್ಟೇಷನ್ನಿಗೂ ಊರಿಗೂ ನಡುವೆ ಟಾಂಗಾ ಹೊಡೆದು ಬದುಕುತ್ತಿದ್ದ ನನಗೆ ಆ ಕಾಗದದ ನೆನಪೇ ಇರಲಿಲ್ಲ. ನಮ್ಮ ಕಡೆ ಮುಂಬಯಿ ರಾಜ್ಯ ಹೋಗಿ ಮೈಸೂರು ರಾಜ್ಯ ಬಂದು ನಾಲ್ಕೈದು ವರ್ಷವಾಗಿತ್ತು. ಆ ಸಲ ಸಿಂದಗಿ ಕಡೆ ಯಾರದೋ ಬಿಳಿ ಕುದುರೆ ಕಳುವಾಯಿತು. ಎಲ್ಲರ ಕಾಗದ ತಪಾಸಣೆ ಮಾಡುತ್ತ ಟಾಂಗಾ ಸ್ಟ್ಯಾಂಡಿಗೆ ಬಂದ ಪೊಲೀಸ ನನ್ನ ಕಾಗದ ನೋಡಿದ, ಕುದುರೆ ನೋಡಿದ, ಮತ್ತೆ ಕಾಗದ ನೋಡಿದ. ಎಂಟು ದಿನದಲ್ಲಿ ಇದು ನಿನ್ನದೇ ಎಂದು ರುಜುವಾತು ಮಾಡಿ ಕಾಗದ ತಿದ್ದಿಸು, ಇಲ್ಲವಾದರೆ ಕುದುರೆ ಕೊಂಡವಾಡಕ್ಕೆ, ನೀನು ಲಾಕಪ್ಪಿಗೆ ಎಂದ. ಅಲ್ಲಿಯವರೆಗೆ ಟಾಂಗಾ ಹೂಡುವಂತಿಲ್ಲ. ಸ್ಟ್ಯಾಂಡಿನಲ್ಲಿ ನನ್ನಷ್ಟು ಹರಕು ಬಾಯಿ ಇನ್ನೊಬ್ಬನದಿರಲಿಲ್ಲ. ಅಂದು ಮಾತ್ರ ವಾದಕ್ಕಿಳಿಯದೆ ಕುದುರೆ ಬಿಚ್ಚಿಕೊಂಡು ನೇರ ದನದ ದವಾಖಾನೆಗೆ ನಡೆದೆ.

ದನದ ಡಾಕ್ಟರು ನನ್ನ ಕಥೆ ಕೇಳಿ ನಕ್ಕರು. ಬಣ್ಣ ಬದಲಾಗುವುದು ನಿಜ, ಬರೆದುಕೊಡುತ್ತೇನೆ, ಆದರೆ ಇದೇ ಆ ಕುದುರೆ ಎನ್ನಲು ಒಂದು ಗುರುತಾದರೂ ತಾಳೆಯಾಗಬೇಕಲ್ಲ ಎಂದರು. ಕಾಗದದಲ್ಲಿದ್ದ ಗುರುತು ಒಂದೇ, ಹಣೆಯ ಮೇಲೆ ಬಿಳಿ ಚುಕ್ಕೆ. ಇಡೀ ಮೈಯೇ ಬೆಳ್ಳಗಾದ ಮೇಲೆ ಆ ಚುಕ್ಕೆಯನ್ನು ಎಲ್ಲಿ ಹುಡುಕುವುದು? ಮಾರಿದವನನ್ನು ಕರೆದುಕೊಂಡು ಬಾ, ಅವನು ಪಂಚರ ಮುಂದೆ ಗುರುತು ಹೇಳಲಿ ಎಂದು ಕಳಿಸಿದರು.

ಗುರುತು ಇನ್ನೊಂದಿತ್ತು. ಅದಕ್ಕೇ ನನ್ನ ಜೀವ ಬಾಯಿಗೆ ಬಂದಿತ್ತು. ಕುದುರೆಯ ಎಡಗಣ್ಣಿನ ಕೆಳಗೆ ಕೂದಲು ತಿರುಗಿ ಒಂದು ಸುಳಿಯಾಗಿತ್ತು. ನಮ್ಮ ಕಡೆ ಅದನ್ನು ಕಣ್ಣೀರ ಸುಳಿ ಅನ್ನುತ್ತಾರೆ. ಅಂಥ ಕುದುರೆ ಬಂದ ಮನೆಯ ಹೆಣ್ಣುಮಗಳು ಅಳುವುದು ತಪ್ಪುವುದಿಲ್ಲ ಎಂಬ ನಂಬಿಕೆ. ಅಗ್ಗಕ್ಕೆ ಸಿಕ್ಕಿತೆಂದು ತಿಳಿದೂ ತಿಳಿದೂ ಕೊಂಡವನು ನಾನು. ಸುಳಿ ಬರೆಯಬೇಡಿ ಎಂದು ದಾಖಲೆ ಬರೆಯುವವನಿಗೆ ಕೈ ಮುಗಿದವನೂ ನಾನೇ. ಎಲ್ಲರೂ ಹಾಗೇ ಮಾಡುತ್ತಿದ್ದರು. ಕೆಟ್ಟ ಸುಳಿ ಕಾಗದಕ್ಕೆ ಬಿದ್ದರೆ ಮುಂದೆ ಆ ಕುದುರೆಯನ್ನು ಕೊಳ್ಳುವವರಿಲ್ಲ, ಮದುವೆಯ ಮೆರವಣಿಗೆಗೆ ಕರೆಯುವವರೂ ಇಲ್ಲ. ಹೆಂಡತಿಗೂ ಹೇಳಲಿಲ್ಲ. ಅವಳು ನೇಕಾರರ ಮನೆಯ ಮಗಳು. ದಿನಾ ಹುಲ್ಲು ನೀರು ಇಡುತ್ತಿದ್ದಳೇ ಹೊರತು ಸುಳಿಯ ಶಾಸ್ತ್ರ ಅವಳಿಗೆ ಗೊತ್ತಿರಲಿಲ್ಲ.

ಕುದುರೆ ಬಂದ ಮರುವರ್ಷ ನಮ್ಮ ಮೂರು ತಿಂಗಳ ಹೆಣ್ಣು ಕೂಸು ಜ್ವರ ಬಂದು ಹೋಯಿತು. ಸುಳಿ ಗಿಳಿ ಎಲ್ಲ ಸುಳ್ಳು ಎಂದು ಸ್ಟ್ಯಾಂಡಿನಲ್ಲಿ ಜೋರು ಮಾಡುತ್ತಿದ್ದವನು, ಕೂಸನ್ನು ಮಣ್ಣು ಮಾಡಿ ಬಂದ ದಿನ ಕುದುರೆಯ ಎಡಮಗ್ಗುಲಿಗೆ ಹೋಗಲಿಲ್ಲ. ಆಮೇಲೆ ಏಳು ವರ್ಷ ಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲ. ಈಗ ಹೆಂಡತಿ ಐದು ತಿಂಗಳ ಬಸುರಿ. ಸುಳಿಯ ಸಂಗತಿ ಕೇಳಿ ಎದೆ ಒಡೆದುಕೊಂಡು ಏನಾದರೂ ಆದರೆ? ಪೊಲೀಸನ ಹೆದರಿಕೆ ಒಂದು ಪಾಲಾದರೆ ಇದು ಮೂರು ಪಾಲು.

ಬಿಜಾಪುರಕ್ಕೆ ಹೋಗಿ ಮುದ್ದೇಬಿಹಾಳದ ಬಸ್ಸು ಹಿಡಿದೆ. ಹಲ್ಲು ನೋಡಿ ಗುರುತು ಹಿಡಿದೆ, ಗೊರಸು ನೋಡಿ ಗುರುತು ಹಿಡಿದೆ ಎಂದು ವ್ಯಾಪಾರಿಯಿಂದ ಏನಾದರೊಂದು ಹೇಳಿಸುವುದು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ. ವ್ಯಾಪಾರಿ ಮುದುಕ, ಐದು ಹೊತ್ತು ನಮಾಜು ಮಾಡುವವನು. ಬರಲು ತಕ್ಷಣ ಒಪ್ಪಿದ. ನನ್ನ ಲೆಕ್ಕಕ್ಕೆ ಮಾತ್ರ ಒಪ್ಪಲಿಲ್ಲ.

"ಆ ಕುದರಿ ಗುರ್ತು ಹೇಳಾಕ ನನ್ನ ಹತ್ರ ಸುಳಿ ಒಂದ ಐತಿ," ಎಂದ. "ಬ್ಯಾರೆ ಹೇಳಿದ್ರ ಸುಳ್ಳು ಸಾಕ್ಷಿ ಆಗ್ತೈತಿ. ಅದು ನನ್ನ ಕೈಲೆ ಆಗಂಗಿಲ್ಲ."

ನನಗೆ ಸಿಟ್ಟು ಬಂತು, ಅಳುವೂ ಬಂತು. ಸುಳಿ ಹೇಳಿದರೆ ಹೆಂಡತಿಯ ಗತಿ ಏನೋ, ಹೇಳದಿದ್ದರೆ ಕುದುರೆ ಹೋಗಿ, ಹೊಟ್ಟೆಯೊಳಗಿನ ಕೂಸೂ ಸೇರಿ ಮೂವರೂ ಉಪವಾಸ. ಅವನನ್ನು ಕರೆದುಕೊಂಡೇ ಇಂಡಿಗೆ ಬಂದೆ.

ಪಂಚನಾಮೆ ನಮ್ಮ ಅಂಗಳದಲ್ಲೇ ಎಂದು ಗೊತ್ತಾಯಿತು. ಅವತ್ತೊಂದು ದಿನ ತವರಿಗೆ ಹೋಗಿ ಬಾ ಎಂದು ಹೆಂಡತಿಗೆ ಎರಡು ಸಲ ಹೇಳಿದೆ. ಬಂದವರಿಗೆ ಚಹಾ ಮಾಡುವವರು ಯಾರು ಎಂದು ಅವಳು ಒಲೆ ಹೊತ್ತಿಸಿದಳು. ಡಾಕ್ಟರು ವ್ಯಾಪಾರಿಯನ್ನು ಹೊರಗಿನ ಕಟ್ಟೆಯ ಮೇಲೇ ಕೂರಿಸಿ, ಕುದುರೆ ನೋಡುವ ಮೊದಲು ಗುರುತು ಹೇಳು ಎಂದರು. ಅವನು ಹೇಳಿದ. ಡಾಕ್ಟರು ಬಂದು ಕುದುರೆಯ ಎಡಗೆನ್ನೆಯ ಮೇಲೆ ಬೆರಳಾಡಿಸಿದರು. ಆಮೇಲೆ ಬರೆದದ್ದನ್ನು ಪಂಚರಿಗೆ ಕೇಳುವಂತೆ ದೊಡ್ಡ ದನಿಯಲ್ಲಿ ಓದಿದರು: ಮೊದಲು ಕಪ್ಪು, ಈಗ ಬಿಳಿ, ಎಡಗಣ್ಣಿನ ಕೆಳಗೆ ಕಣ್ಣೀರ ಸುಳಿ. ಇಷ್ಟು ಸ್ಪಷ್ಟ ಗುರುತು ಮೊದಲಿನ ಕಾಗದದಲ್ಲಿ ಏಕಿಲ್ಲ ಎಂದು ಕೇಳಿದರು.

ನನ್ನ ಹೆಂಡತಿ ಚಹಾದ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು.

"ನಾನ ಬರೀಬ್ಯಾಡ್ರಿ ಅಂದಿದ್ದೆ," ಎಂದೆ.

ಪಂಚರಲ್ಲಿ ಒಬ್ಬ ನಮ್ಮ ನೆರೆಮನೆಯವನು. "ಹಂಗಾರ ಆ ಕೂಸು..." ಎಂದವನು ಅವಳನ್ನು ಕಂಡು ಮಾತು ನುಂಗಿದ. ಅವಳು ತಟ್ಟೆ ಬೀಳಿಸಲಿಲ್ಲ. ಒಬ್ಬೊಬ್ಬರಿಗೂ ಚಹಾ ಕೊಟ್ಟಳು. ಕಾಗದಕ್ಕೆ ಸಹಿ, ಹೆಬ್ಬೆಟ್ಟು ಬಿದ್ದವು. ಕುದುರೆ ಉಳಿಯಿತು.

ಎಲ್ಲರೂ ಹೋದ ಮೇಲೆ ಅವಳು ಚಹಾದ ಕಪ್ಪು-ಬಸಿ ಎತ್ತುತ್ತಿದ್ದಳು. ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ನಾನು ಗೋಡೆ ಹಿಡಿದು ನಿಂತಿದ್ದೆ. ಅವಳ ದನಿ ಏರಲೇ ಇಲ್ಲ.

"ಸುಳಿಯಿಂದ ಕೂಸು ಹೋತು ಅಂತ ನಾ ಅನ್ನಂಗಿಲ್ಲ," ಎಂದಳು. "ನಿಮ್ಮ ಮನಸಿನ್ಯಾಗ ಆ ಸಂಶೇ ಇತ್ತಲ್ಲ. ಏಳು ವರ್ಷ ನಾ ನನ್ನ ತಪ್ಪು ಹುಡುಕಾಕತ್ತಿದ್ದೆ. ನೀವು ನೋಡಕೋತ ಕುಂತಿದ್ರಿ."

ನಾನು ಬರೀ ನೋಡುತ್ತ ಕುಳಿತಿರಲಿಲ್ಲ. ಗ್ರಹಣದ ದಿನ ಕಾಯಿಪಲ್ಲೆ ಹೆಚ್ಚಿದ್ದಕ್ಕೆ ಹೀಗಾಯಿತೇ, ತಣ್ಣೀರು ಮುಟ್ಟಿ ಕೂಸಿಗೆ ಹಾಲು ಕೊಟ್ಟಿದ್ದಕ್ಕೆ ಹೀಗಾಯಿತೇ ಎಂದು ಅವಳು ನನ್ನನ್ನೇ ಎಷ್ಟೋ ಸಲ ಕೇಳಿದ್ದಳು. ಇರಬಹುದು ಎಂದಿದ್ದೆ.