ಉದಾಹರಣೆಗೆ ಕೊಟ್ಟ ವಿಳಾಸ

ಯಂತ್ರಗಳು ಓದಲೆಂದು ಬರೆಯುವುದು ನನ್ನ ಕೆಲಸ. ಹೀಗೆಂದರೆ ಬಬಲೇಶ್ವರದ ನಮ್ಮ ಮನೆಯಲ್ಲಿ ಇನ್ನೂ ಯಾರೂ ನಂಬುವುದಿಲ್ಲ. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ, ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯ ಮೇಲೆ ನಮ್ಮ ಕಚೇರಿ. ಸುತ್ತಲಿನ ಗೋದಾಮು, ಆಸ್ಪತ್ರೆ, ಕೋಲ್ಡ್ ಸ್ಟೋರೇಜ್‌ಗಳ ನೆಟ್‌ವರ್ಕ್ ನೋಡಿಕೊಳ್ಳುವುದು ನಮ್ಮ ದಂಧೆ. ಕಳೆದ ವರ್ಷ ನಮ್ಮ ಮಾಲೀಕರು ಒಂದು ಪೋರ್ಟ್ ಸ್ಕ್ಯಾನರ್ ಮಾಡಿಸಿದರು. ನೆಟ್‌ವರ್ಕಿಗೆ ಸೇರಿದ ಪ್ರತಿ ಯಂತ್ರಕ್ಕೂ ಸಾವಿರಾರು ಬಾಗಿಲುಗಳಿರುತ್ತವೆ. ಪೋರ್ಟ್ ಎಂದರೆ ಅದೇ. ಯಾವುದು ತೆರೆದಿದೆ, ಯಾವುದು ಮುಚ್ಚಿದೆ ಎಂದು ತಟ್ಟಿ ನೋಡುವುದು ಸ್ಕ್ಯಾನರ್. ನಮ್ಮದು ಅಷ್ಟನ್ನೂ ಕಣ್ಣು ಮಿಟುಕಿಸುವಷ್ಟರಲ್ಲಿ ತಟ್ಟುತ್ತಿತ್ತು. ಅದನ್ನು ಓಡಿಸುವುದು ಮನುಷ್ಯರಲ್ಲ, ಎ.ಐ. ಏಜೆಂಟ್. ಬರೆದಿಟ್ಟ ಸೂಚನೆಗಳನ್ನು ತಾನೇ ಓದಿಕೊಂಡು ತಾನೇ ಕೆಲಸಕ್ಕಿಳಿಯುವ ತಂತ್ರಾಂಶ. ಆ ಸೂಚನೆಗಳ ಕಡತ ಬರೆದವಳು ನಾನು.

ಕಾಲೇಜಿನಲ್ಲಿ ಇದ್ದಷ್ಟು ದಿನವೂ ಚರ್ಚಾಸ್ಪರ್ಧೆಗಳಲ್ಲಿ ಗಂಟಲು ಹರಿದುಕೊಂಡವಳು ನಾನು. ಆಧಾರವಿಲ್ಲದ ಮಾತು ಯಾರೇ ಆಡಲಿ, ಬಿಟ್ಟುಕೊಡುವ ಜಾಯಮಾನವಲ್ಲ. ಇಂಥ ಕಡತಗಳಲ್ಲಿ ಉದಾಹರಣೆಗೆಂದೇ ಮೀಸಲಿಟ್ಟ, ಯಾರ ಯಂತ್ರಕ್ಕೂ ಸೇರದ ನೆಟ್‌ವರ್ಕ್ ವಿಳಾಸಗಳಿವೆ. ಅವು ನನಗೆ ಹುಸಿ ಎನಿಸಿದವು. ಉದಾಹರಣೆಯೂ ನಿಜವೇ ಇರಲಿ ಎಂದು ತಿಕೋಟಾದ ಒಂದು ಕೋಲ್ಡ್ ಸ್ಟೋರೇಜಿನ ವಿಳಾಸವನ್ನೇ ಹಾಕಿದೆ. ಅದು ಒಣದ್ರಾಕ್ಷಿ ಇಡುವ ಜಾಗ, ನಮ್ಮ ಗಿರಾಕಿ. ಕೆಳಗೆ ಪೂರ್ತಿ ವೇಗದ ಆಜ್ಞೆಯನ್ನೂ ಬರೆದೆ. ಮನುಷ್ಯ ಓದಿದ್ದರೆ ಉದಾಹರಣೆಯೆಂದು ದಾಟಿ ಹೋಗುತ್ತಿದ್ದ.

ಒಂದು ಮಂಗಳವಾರ ಬೆಳಿಗ್ಗೆ ಮಾಲೀಕರು ಏಜೆಂಟಿಗೆ ನನ್ನ ಕಡತ ಕೊಟ್ಟು, ಉಪಕರಣವನ್ನು ಪರೀಕ್ಷಿಸಲು ಹೇಳಿದರು. ಅದು ನನ್ನ ಉದಾಹರಣೆಯನ್ನೇ ಎತ್ತಿಕೊಂಡು, ಇದ್ದದ್ದು ಇದ್ದಂತೆ ಓಡಿಸಿತು. ತಿಕೋಟಾದಲ್ಲಿ ತಂಪು ನಿಯಂತ್ರಿಸುವ ಹಳೆಯ ಪೆಟ್ಟಿಗೆಗೆ ಅಷ್ಟು ಬಡಿತ ತಡೆಯಲಾಗಲಿಲ್ಲ. ಪರದೆಯ ಮೇಲೆ ನಾಲ್ಕು ಡಿಗ್ರಿ ಎಂದು ತೋರಿಸುತ್ತಲೇ ಸ್ತಬ್ಧವಾಯಿತು. ಕಂಪ್ರೆಸರ್ ನಿಂತಿತು.

ಮಧ್ಯಾಹ್ನ ಅಲ್ಲಿನ ಮ್ಯಾನೇಜರ್ ಫೋನ್ ಮಾಡಿದರಂತೆ. ಮಾಲೀಕರು ನನ್ನ ಮೇಜಿನ ಹತ್ತಿರ ಬಂದರು.

"ತಿಕೋಟಾದಾಗ ಆಪರೇಟರ್ ಪೆಟಗಿ ಕೆಡಿಸ್ಯಾನಂತ. ಹೌದಂತ ಒಂದು ರಿಪೋರ್ಟ್ ಬರದು ಕೊಡ್ರಿ. ನೋಟಿಸ್ ತಯಾರ ಐತಿ, ಶನಿವಾರಕ್ಕ ಅವನ್ನ ಕೆಲಸದಿಂದ ತಗೀತಾರ."

ಸ್ಕ್ಯಾನರಿನ ದಾಖಲೆ ತೆರೆದು ನೋಡಿದೆ. ಬಡಿತ ಶುರುವಾದ ಗಳಿಗೆಗೂ ಪೆಟ್ಟಿಗೆ ನಿಂತ ಗಳಿಗೆಗೂ ಅಂತರವೇ ಇರಲಿಲ್ಲ.

"ಕೆಡಿಸಿದ್ದು ನಾವ್ರಿ," ಎಂದೆ.

"ಕ್ಯಾಮೆರಾದಾಗ ಕಾಣಸ್ತಾನಲ್ರಿ, ಹತ್ತೂವರಿಗೆ. ಪೆಟಗಿ ಮುಚ್ಚಳ ತಗದು ಕೈ ಹಾಕ್ಯಾನ."

"ಹಾಕಿದ್ದು ಹತ್ತೂವರಿಗೆ. ಪೆಟಗಿ ನಿಂತದ್ದು ಹತ್ತಕ್ಕ. ಮೊದಲ ಸತ್ತದ್ದನ್ನ ಆಮ್ಯಾಲ ಬಂದಾಂವ ಹೆಂಗ ಕೊಂದಾನ್ರಿ?"

ಅವರು ನಕ್ಕರು. ನನಗೆ ಇನ್ನೂ ಉರಿಯುವುದು ಆ ನಗುವಿಗೇ. "ಏನ್ರೀ ವಕೀಲರ, ಡಿಬೇಟಿನ್ಯಾಗ ಎರಡೂ ಕಡಿ ಮಾತಾಡಾಕ ಕಲಿಸ್ಯಾರಲ್ಲ? ಇವತ್ತ ನಮ್ಮ ಕಡಿ ಮಾತಾಡ್ರಿ."

ಹೌದು, ಕಲಿಸಿದ್ದಾರೆ. ಚೀಟಿ ಎತ್ತಿ ಪರವೋ ವಿರೋಧವೋ ಬಂದದ್ದನ್ನು ವಾದಿಸಿದ್ದೇನೆ. ಅಲ್ಲಿ ಸೋತವರು ಪ್ರಮಾಣಪತ್ರ ಹಿಡಿದು ಮನೆಗೆ ಹೋಗುತ್ತಾರೆ. ಇಲ್ಲಿ ಸೋಲುವವನಿಗೆ ತಾನು ಸ್ಪರ್ಧೆಯಲ್ಲಿದ್ದೇನೆಂಬುದೇ ಗೊತ್ತಿಲ್ಲ! ಯಂತ್ರ ಓಡಿಸಿದ್ದು ಯಂತ್ರ, ಕೆಟ್ಟದ್ದು ಯಂತ್ರ, ಕೆಲಸ ಹೋಗುವುದು ಮಾತ್ರ ಮನುಷ್ಯನದು. ಇದು ಯಾವ ನ್ಯಾಯ? ಇದನ್ನು "ವೇಗ" ಎಂದು ಕರೆದು ಮಾರುವವರಿಗೆ ನಾಚಿಕೆ ಬೇಡವೇ? ನನಗೂ ಬೇಡವೇ?

ರಿಪೋರ್ಟ್ ಬರೆಯಲಿಲ್ಲ. ಗುರುವಾರ ಬೆಳಿಗ್ಗೆ ರಜೆಯ ಅರ್ಜಿಯನ್ನೂ ಕೊಡದೆ ತಿಕೋಟಾ ಬಸ್ಸು ಹತ್ತಿದೆ. ದಾಖಲೆಯ ಮುದ್ರಿತ ಪ್ರತಿ ಚೀಲದಲ್ಲಿತ್ತು. ದಾರಿಯುದ್ದಕ್ಕೂ ವಾದ ಹೆಣೆದೆ. ಸತ್ಯ ಹೇಳಲು ಹೊರಟಿದ್ದೇನೆಂದು ನನಗೆ ನನ್ನ ಮೇಲೇ ಮೆಚ್ಚುಗೆ ಬೇರೆ.

ಆಪರೇಟರ್ ಕನಮಡಿಯ ಕಡೆಯವರು, ಐವತ್ತು ದಾಟಿದ ಮನುಷ್ಯ. ಮನೆಯಲ್ಲಿ ಈಗಲೂ ಕುರಿ ಇವೆಯಂತೆ. ಮ್ಯಾನೇಜರ್ ಕೋಣೆಯಲ್ಲಿ ಅವರನ್ನೂ ಕರೆಸಿ, ನಡೆದದ್ದನ್ನು ಹೇಳಿದೆ. ಆಪರೇಟರ್ ಎದ್ದು ಹೋಗಿ ಒಂದು ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟರು. ತಾಸಿಗೊಮ್ಮೆ ಪರದೆಯ ಅಂಕಿ ಒಂದು ಸಾಲು, ಒಳಗೆ ದಾರಕ್ಕೆ ತೂಗುಹಾಕಿದ ಗಾಜಿನ ಥರ್ಮಾಮೀಟರಿನ ಅಂಕಿ ಇನ್ನೊಂದು ಸಾಲು. ಹಾಗೆ ಬರೆಯಲು ಯಾರೂ ಅವರಿಗೆ ಹೇಳಿರಲಿಲ್ಲ. ಮಂಗಳವಾರ ಹತ್ತೂವರೆಗೆ, ಹೊತ್ತಲ್ಲದ ಹೊತ್ತಿನಲ್ಲಿ ಒಂದು ಸಾಲು ಇತ್ತು. ಪರದೆ ನಾಲ್ಕು, ಗಾಜು ಏಳು.

"ಕಂಪ್ರೆಸರ್ ಸಪ್ಪಳ ನಿಂತಿತ್ತು. ಒಳಗ ಹೋಗಿ ನೋಡಿದ್ನಿ. ಮುಚ್ಚಳ ತಗದು ಕೈಲೇ ಚಾಲೂ ಮಾಡಿದ್ನಿ," ಎಂದರು ಅವರು ಮ್ಯಾನೇಜರಿಗೆ. "ಅವತ್ತೂ ಇದನ್ನ ಹೇಳೀನ್ರಿ. ನೀವು ಕ್ಯಾಮೆರಾ ನೋಡಿದ್ರಿ, ಬುಕ್ ನೋಡಲಿಲ್ಲ."

ಸರಕು ಉಳಿಸಿದವನಿಗೇ ಕೆಲಸ ಬಿಡಿಸುವ ನೋಟಿಸು! ನಾನು ಮ್ಯಾನೇಜರನ್ನು ತರಾಟೆಗೆ ತೆಗೆದುಕೊಳ್ಳಲು ಬಾಯಿ ತೆರೆದೆ. ಅಷ್ಟರಲ್ಲಿ ಆಪರೇಟರ್ ನನ್ನತ್ತ ತಿರುಗಿದರು.

"ನೀ ಸುಮ್ಮಕಿರು ತಂಗಿ. ಅಷ್ಟೂ ಬಾಗಲಾ ಬಡಿಯೂ ಮೊದಲ ಒಂದು ಫೋನ್ ಹಚ್ಚಿ ಕೇಳಿದ್ರ ಏನ್ ಹೋಗ್ತಿತ್ತು? ಯಾರದರ ಮನಿಗೆ ಹಿಂಗ ಹೋಗ್ತಿ ಏನ್ ನೀ?"

"ತಪ್ಪಾತು, ಕಾಕಾ."

"ಬಾಯಿಲೆ ಬ್ಯಾಡ. ಬರದು ಕೊಡು."

ಹಾಳೆ ತೆಗೆದುಕೊಂಡು, ಉಪಕರಣ ನಮ್ಮದು, ತಪ್ಪು ವಿಳಾಸ ಬರೆದವಳು ನಾನು, ಆಪರೇಟರ್ ಸರಕು ಉಳಿಸಿದರು ಎಂದು ಬರೆದು ಸಹಿ ಹಾಕಿದೆ. ಮ್ಯಾನೇಜರ್ ಎರಡು ಸಲ ಓದಿದರು.

"ನಿಮ್ಮ ಮಾಲಕರ ಸಹಿ ಇಲ್ಲಲ್ಲ?"

"ಅವರು ಹಾಕೂದಿಲ್ರಿ. ಬೇಕಾದ್ರ ಈಗ ಫೋನ್ ಹಚ್ಚಿ ಕೇಳ್ರಿ, ನನ್ನ ಮುಂದ."

ಅವರು ಫೋನ್ ಹಚ್ಚಲಿಲ್ಲ. ಡ್ರಾದಿಂದ ನೋಟಿಸು ತೆಗೆದು ಹರಿಯಹೋದರು. ಆಪರೇಟರ್ ಕೈ ಚಾಚಿದರು. "ಹರೀಬ್ಯಾಡ್ರಿ. ಅದರ ಮ್ಯಾಲನ 'ರದ್ದು' ಅಂತ ಬರದು ನನಗ ಕೊಡ್ರಿ. ಮನ್ಯಾಗ ಎರಡ ದಿನ ಆತು, ಹೆಂಡತಿ ಊಟಾ ಮಾಡಿಲ್ಲ. ತೋರಸಬೇಕು."

ಮ್ಯಾನೇಜರ್ ಬರೆದುಕೊಟ್ಟರು. ಕಾಗದವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಬಾಗಿಲವರೆಗೂ ಹೋದ ಆಪರೇಟರ್ ನಿಂತು ಕೇಳಿದರು:

"ತಂಗಿ, ಆ ನಿನ್ನ ಕಡತದಾಗ ನಮ್ಮ ವಿಳಾಸ ಇನ್ನೂ ಐತೇನು?"

ಒಂದೂವರೆ ದಿನ ಸಿಟ್ಟು ಮಾಡಿದ್ದೆ, ವಾದ ಹೆಣೆದಿದ್ದೆ, ಬಸ್ಸು ಹತ್ತಿ ಬಂದಿದ್ದೆ. ಅದೊಂದು ಸಾಲು ಅಳಿಸಿರಲಿಲ್ಲ.

"ಐತ್ರಿ."

"ಮತ್ತ ಇಲ್ಲಿ ಭಾಷಣ ಏನ್ ಹೊಡ್ಯಾಕತ್ತೀ? ತಗೀ ಮೊದಲ!"

ಅಲ್ಲೇ, ಒಣದ್ರಾಕ್ಷಿ ಪೆಟ್ಟಿಗೆಗಳ ಮೇಲೆ ಲ್ಯಾಪ್‌ಟಾಪ್ ತೆರೆದೆ. ಸಾಲು ಅಳಿಸಿದೆ. ಆ ಜಾಗದಲ್ಲಿ, ಯಾವುದೇ ವಿಳಾಸವನ್ನು ತಟ್ಟುವ ಮೊದಲು ಅಲ್ಲಿ ಕೆಲಸ ಮಾಡುವ ಮನುಷ್ಯನ ಒಪ್ಪಿಗೆ ಪಡೆಯತಕ್ಕದ್ದು, ಸಿಗದಿದ್ದರೆ ನಿಲ್ಲತಕ್ಕದ್ದು ಎಂದು ಬರೆದೆ. ಕಾಕಾ ನನ್ನ ಹೆಗಲ ಹಿಂದೆ ನಿಂತು, ಪರದೆಯ ಮೇಲೆ ಬೆರಳಿಟ್ಟು, ಅಕ್ಷರ ಅಕ್ಷರ ಓದಿಸಿಕೊಂಡರು.